ಪ್ರತಿಕ್ರಿಯೆ: ಐದನೇ ಕ್ಲಾಸಿಗೆ ವಾರಕ್ಕೊಂದು ಮಾದರಿ ಪರೀಕ್ಷೆ ಬೇಕಾ?

ನಮಸ್ಕಾರ ಮೇಡಂ. ತೀರ್ಥಹಳ್ಳಿ ಕಡೆ ಹೊಸದಾಗಿ ಮುಖ್ಯ ಶಿಕ್ಷಕಿಯಾಗಿದ್ದೀರಿ, ಐದನೇ ಕ್ಲಾಸಿನ ಅಂಕ ಕಡಿಮೆ, ವಾರಕ್ಕೊಂದು ಮಾದರಿ ಪರೀಕ್ಷೆ ಇಡಲಾ ಅಂತ ಕೇಳಿದ್ದೀರಿ. ನನ್ನನ್ನು ಕೇಳಿದರೆ ಬೇಡ. ಮೊದಲು ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂತು, ಯಾವ ಪ್ರಶ್ನೆ ಎಷ್ಟು ಮಕ್ಕಳಿಗೆ ತಪ್ಪಿದೆ ಅಂತ ಎಣಿಸಿ. ನಾನು ಹೊಸನಗರದ ಹತ್ತಿರ ಇದ್ದಾಗ ಹಾಗೇ ಮಾಡಿದ್ದೆವು. ಮಕ್ಕಳಿಗೆ ಲೆಕ್ಕ ಬರುತ್ತಿತ್ತು, ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವುದೇ ಕಷ್ಟವಾಗಿತ್ತು! ದಿನಾ ಬೆಳಿಗ್ಗೆ ಅರ್ಧ ಗಂಟೆ ಗಟ್ಟಿಯಾಗಿ ಓದಿಸಿದೆವು, ಅಷ್ಟೇ. ಚಿಕ್ಕ ಕ್ಲಾಸುಗಳಿಗೆ ಆಟ, ಚಟುವಟಿಕೆಗಳಿಂದ ಕಲಿಸುವ ನಲಿಕಲಿ ಮೂರನೇ ಕ್ಲಾಸಿಗೆ ಮುಗಿಯುತ್ತದೆ, ನಾಲ್ಕರಲ್ಲಿ ದಿಢೀರ್ ಪಠ್ಯಪುಸ್ತಕ. ಎಡವುವುದು ಅಲ್ಲೇ ಜಾಸ್ತಿ. ಜುಲೈ ಮಳೆ ರಜೆಯಲ್ಲಿ ತಪ್ಪಿಹೋದ ಪಾಠಗಳನ್ನೂ ಒಮ್ಮೆ ನೋಡಿ. ಎಸ್‌ಡಿಎಂಸಿ (ಪೋಷಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಬರೀ ಅಂಕ ಓದಬೇಡಿ, ಮಕ್ಕಳ ನೋಟ್‌ಬುಕ್ ತೋರಿಸಿ. ಐದನೇ ಕ್ಲಾಸಿನ ಬೋರ್ಡ್ ಪರೀಕ್ಷೆ ಗುಮ್ಮನಿಗೂ ಸುಮ್ನೆ ಹೆದರಬೇಡಿ. 2024ರ ಏಪ್ರಿಲ್‌ನಲ್ಲಿ ಅದರ ಫಲಿತಾಂಶಕ್ಕೆ ಸುಪ್ರೀಂ ಕೋರ್ಟೇ ತಡೆ ಕೊಟ್ಟಿತ್ತು ಅಲ್ವಾ?