ಗೋಡೆಯ ಮೇಲಿನ ಮಾತು ಗ್ರಂಥಾಲಯಕ್ಕೆ ಬಂದಾಗ

ಮಾನ್ಯರೇ,

ಅಮೆರಿಕದ ಕಲಾವಿದೆ ಜೆನ್ನಿ ಹೋಲ್ಜರ್ ಅವರ ಭಿತ್ತಿಪತ್ರಗಳನ್ನು ಗ್ರಂಥಾಲಯಗಳು ಕಾಪಿಡಬೇಕೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದನ್ನೋದಿ ನೀವು ಎರಡು ಪ್ರಶ್ನೆ ಎತ್ತಿದ್ದೀರಿ. ಇಂಥವು ಗ್ಯಾಲರಿಯಲ್ಲಿರಲಿ, ಗ್ರಂಥಾಲಯಕ್ಕೇಕೆ? ದ್ವೇಷ ಕಾರುವ ಮಾತನ್ನು ಜೋಪಾನವಾಗಿ ತೆಗೆದಿಟ್ಟರೆ ಅದಕ್ಕೆ ಮರ್ಯಾದೆ ಕೊಟ್ಟಂತಾಗದೇ?

ಮೊದಲನೆಯ ಅನುಮಾನ ಗ್ರಂಥಾಲಯಗಳಿಗೂ ಇತ್ತು. ಕಲಾವಿದ ಎಡ್ ರುಶೇ ಪೆಟ್ರೋಲ್ ಬಂಕುಗಳ ಫೋಟೊ ಸೇರಿಸಿ ಮಾಡಿದ ಪುಟ್ಟ ಪುಸ್ತಕವನ್ನು 1963ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬೇಡವೆಂದಿತ್ತು. ಮೂವತ್ತು ವರ್ಷಗಳಲ್ಲಿ ಗಾಳಿ ಬದಲಾಯಿತು. ಕಲಾವಿದರು ಹೀಗೆ ಕಲಾಕೃತಿಯಾಗಿಯೇ ರೂಪಿಸಿದ ಪುಸ್ತಕಗಳನ್ನು ಕೂಡಿಡುತ್ತಿದ್ದ ಫ್ರಾಂಕ್ಲಿನ್ ಫರ್ನೇಸ್ ಸಂಸ್ಥೆಯ ಸಂಗ್ರಹ 1993ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಲೈಬ್ರರಿ ಸೇರಿತು.

ಎರಡನೆಯ ಪ್ರಶ್ನೆ ನನ್ನನ್ನು ಬಹಳ ಕಾಡಿತು. ಹೋಲ್ಜರ್ 1979ರಿಂದ 1982ರವರೆಗೆ ನ್ಯೂಯಾರ್ಕಿನ ಬೀದಿಗಳಲ್ಲಿ ಅಂಟಿಸಿದ 'ಇನ್‌ಫ್ಲಮೇಟರಿ ಎಸ್ಸೇಸ್' (ಕೆರಳಿಸುವ ಪ್ರಬಂಧಗಳು) ಹಾಳೆಗಳನ್ನೇ ನೋಡಿ. ಬಣ್ಣದ ಕಾಗದ, ದಪ್ಪ ಅಕ್ಷರ. ಒಂದೊಂದರಲ್ಲೂ ಎಣಿಸಿಟ್ಟ ಹಾಗೆ ನೂರು ಪದ, ಇಪ್ಪತ್ತು ಸಾಲು. ಕೆಳಗೆ ಸಹಿಯಿಲ್ಲ. ಲೆನಿನ್, ಹಿಟ್ಲರ್, ಮಾವೋ, ಅರಾಜಕತಾವಾದಿ ಎಮ್ಮಾ ಗೋಲ್ಡ್‌ಮನ್ ಅವರಂಥವರ ಬರಹ ಓದಿ, ಆ ಆವೇಶದ ಧಾಟಿ ಹಿಡಿದು ಹೋಲ್ಜರ್ ಅವರೇ ಬರೆದದ್ದು. ಓದುತ್ತ ಓದುತ್ತ ನಾವು ತಲೆದೂಗಿಬಿಡುತ್ತೇವೆ. ನಾಲ್ಕು ಸಾಲು ದಾಟಿದ ಮೇಲೆ, ಅಯ್ಯೋ, ಇದಕ್ಕಾ ಒಪ್ಪಿದ್ದು ಎಂದು ಬೆಚ್ಚುತ್ತೇವೆ.

ಬೀದಿಯಲ್ಲಿ ಬೆಚ್ಚಿದವರಿಗೆ ನಿಲ್ಲಲು ಪುರುಸೊತ್ತಿಲ್ಲ, ಮಳೆ ಬಂದರೆ ಹಾಳೆಯೂ ಉಳಿಯುವುದಿಲ್ಲ. ಲೈಬ್ರರಿಯಲ್ಲಾದರೆ ಮೇಜಿನ ಮೇಲೆ ಹರಡಿಕೊಳ್ಳಬಹುದು. ಪಕ್ಕಕ್ಕೆ ಅಸಲಿ ಪ್ರಣಾಳಿಕೆಗಳನ್ನೂ ಹಳೆಯ ಭಾಷಣಗಳನ್ನೂ ತರಿಸಿಕೊಂಡು, ಇಲ್ಲಿ 'ನಾವು' ಅಂದರೆ ಯಾರು, 'ಅವರು' ಅಂದರೆ ಯಾರು, ಕರ್ತೃವೇ ಇಲ್ಲದ ಈ ವಾಕ್ಯ ಯಾರನ್ನು ಬಚ್ಚಿಡುತ್ತಿದೆ ಎಂದು ಸಾಲಿಗೆ ಬೆರಳಿಟ್ಟು ಕೇಳಬಹುದು. ಪುಸ್ತಕಗಳಿರುವುದು ಬಳಕೆಗೆ ಎಂದು ಗ್ರಂಥಾಲಯ ವಿಜ್ಞಾನಿ ಎಸ್. ಆರ್. ರಂಗನಾಥನ್ 1931ರಲ್ಲೇ ಸೂತ್ರ ಬರೆದರಲ್ಲ, ಅದು ಈ ಹಾಳೆಗಳಿಗೂ ಸಲ್ಲುತ್ತದೆ. ಹೀಗೆ ಬಿಡಿಸಿ ನೋಡುವುದನ್ನು ಮರ್ಯಾದೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೂ ನಿಮ್ಮ ಅಂಜಿಕೆ ಸುಳ್ಳಲ್ಲ. ಸಹಿಯಿಲ್ಲದ ಹಾಳೆಯ ಫೋಟೊ ತೆಗೆದು ಎಲ್ಲೋ ಹಂಚಿದರೆ ಅದು ನಿಜವಾದ ಘೋಷಣೆಯೇ ಆಗಿಬಿಡಬಹುದು. ಯಾರು ಬರೆದದ್ದು, ಯಾವ ವರ್ಷ, ಎಲ್ಲಿ ಅಂಟಿಸಿದ್ದು, ಯಾರ ಧಾಟಿಯ ಅನುಕರಣೆ ಎಂಬ ವಿವರ ಕ್ಯಾಟಲಾಗಿನಲ್ಲಿ ಇರಲೇಬೇಕು. ಅದನ್ನು ಬರೆಯುವ ಗ್ರಂಥಪಾಲಕರ ಕೆಲಸದ ಬಗ್ಗೆ ನಮ್ಮ ಲೇಖನದಲ್ಲಿ ಒಂದು ಮಾತೂ ಇರಲಿಲ್ಲ. ಅದು ನಮ್ಮಿಂದಾದ ಲೋಪ. ಮುಂದಿನ ಸಂಚಿಕೆಗೆ ಆ ಕುರಿತೇ ಬರೆಸುತ್ತಿದ್ದೇವೆ.

– ಸಂ.