ಒಬ್ಬರೇ ಲೇಖಕರು ಪಟ್ಟಿಯಲ್ಲಿ ಮೂರು ಕಡೆ ಬರುತ್ತಿದ್ದರೆ

ಹಾಸನದ ನಿಮ್ಮ ಓದುಗರ ಬಳಗದ ಪುಸ್ತಕಗಳ ಡೇಟಾಬೇಸ್‌ನಲ್ಲಿ ಒಬ್ಬರೇ ಲೇಖಕರು ಮೂರು ಕಡೆ ಕಾಣಿಸುವುದಕ್ಕೆ ಕಾರಣ ಬಹುಶಃ ಇದು: ಪುಸ್ತಕದ ಸಾಲಿನಲ್ಲೇ ಲೇಖಕರ ಹೆಸರನ್ನೂ ಟೈಪ್ ಮಾಡಿದ್ದೀರಿ. ‘ಕುವೆಂಪು’, ‘ಕೆ.ವಿ. ಪುಟ್ಟಪ್ಪ’, ‘ಕೆ ವಿ ಪುಟ್ಟಪ್ಪ’ ಕಂಪ್ಯೂಟರಿಗೆ ಮೂರು ಜನ.

ಮೊದಲು ಬ್ಯಾಕಪ್ ತೆಗೆದಿಡಿ. ಆಮೇಲೆ ಲೇಖಕರಿಗೇ ಬೇರೆ ಟೇಬಲ್ ಮಾಡಿ, ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಡಿ. ಹೆಸರಿನ ರೂಪಗಳೆಲ್ಲ ಇನ್ನೊಂದು ಟೇಬಲ್‌ನಲ್ಲಿ ಅದೇ ಸಂಖ್ಯೆಯ ಜೊತೆ ಇರಲಿ. ಯಾವ ರೂಪವನ್ನೂ ಅಳಿಸಬೇಡಿ. ಪುಸ್ತಕದ ಮೇಲೆ ಅಚ್ಚಾದದ್ದನ್ನು ನೋಡಿಯೇ ಜನ ಹುಡುಕುತ್ತಾರೆ, ಅಲ್ವಾ? ತೋರಿಸುವುದಕ್ಕೆ ಮಾತ್ರ ಒಂದನ್ನು ಆರಿಸಿ.

ಅನುವಾದಕ್ಕೆ ಇಷ್ಟು ಸಾಲದು. ಹೇಗೆ ಸೇರಿಸುವುದು ಎಂದು ನೀವು ಕೇಳಿದ ‘ಹಾರ್ಟ್ ಲ್ಯಾಂಪ್’ ಪುಸ್ತಕವನ್ನೇ ನೋಡಿ. ನಿಮ್ಮ ಊರಿನ ಬಾನು ಮುಷ್ತಾಕ್ ಅವರ 12 ಕಥೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ. 2025ರ ಇಂಟರ್‌ನ್ಯಾಷನಲ್ ಬುಕರ್ ಪ್ರಶಸ್ತಿ ಬಂದದ್ದು ಇಬ್ಬರಿಗೂ. ‘ಲೇಖಕ’ ಅಂತ ಒಂದೇ ಕಾಲಂ ಇದ್ದರೆ ಅನುವಾದಕರ ಹೆಸರು ಬಿಟ್ಟುಹೋಗುತ್ತದೆ, ಅದು ಅನ್ಯಾಯ. ಪುಸ್ತಕದ ಸಂಖ್ಯೆ, ವ್ಯಕ್ತಿಯ ಸಂಖ್ಯೆ, ಅವರು ಮಾಡಿದ ಕೆಲಸ, ಈ ಮೂರನ್ನು ಜೋಡಿಸುವ ಟೇಬಲ್ ಬೇಕು. ಒಂದೊಂದು ಕಥೆಗೂ ಒಂದು ಸಾಲು ಮಾಡಿದರೆ ಕನ್ನಡದ ಮೂಲಕ್ಕೂ ಕೊಂಡಿ ಕೊಡಬಹುದು. ಕೆಲಸ ಜಾಸ್ತಿ, ಆದರೆ ಮಾಡಲೇಬೇಕಾದದ್ದು.

ಆಮೇಲೂ ಒಂದೇ ಥರ ಕಾಣುವ ಹೆಸರು ಎರಡು ಸಲ ಬಂದರೆ ಅದು ಯೂನಿಕೋಡ್ (ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಪದ್ಧತಿ) ತೊಂದರೆ ಇರಬಹುದು. ಫೈಲ್ ನೋಡದೆ ಖಚಿತವಾಗಿ ಹೇಳಲಾರೆ. ‘ಗೋ’ದ ದೀರ್ಘ ಒಂದೇ ಸಂಕೇತವಾಗಿಯೂ ಇರಬಹುದು, ಬಿಡಿ ಸಂಕೇತಗಳಾಗಿಯೂ ಇರಬಹುದು. ಹೆಸರುಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸಿದ ರೂಪಕ್ಕೆ, ತಂದು, ಹೆಚ್ಚುವರಿ ಸ್ಪೇಸ್ ತೆಗೆದು, ಮತ್ತೆ ಹೋಲಿಸಿ. ಹುಟ್ಟಿದ ವರ್ಷ ನೋಡದೆ ಮಾತ್ರ ಯಾರನ್ನೂ ಒಂದಾಗಿಸಬೇಡಿ.