ಒಪ್ಪಿಸಿದ್ದೇನು, ವಾಪಸ್ ಸಿಗುತ್ತದೆಯೇ?

ಪ್ರಶ್ನೆ: ರಾಜಕೀಯ ಚಿಂತಕರಾದ ಹಾಬ್ಸ್, ಲಾಕ್, ರೂಸೋ ಮೂವರೂ ‘ಸಾಮಾಜಿಕ ಒಪ್ಪಂದ’ದ ಬಗ್ಗೆಯೇ ಹೇಳಿದವರು. ಆದರೂ ಮೂವರ ತೀರ್ಮಾನ ಬೇರೆ ಬೇರೆ. ಉತ್ತರ ಬರೆಯುವಾಗ ಪ್ರತಿ ಸಲ ಕಲಸಿಹೋಗುತ್ತದೆ.
– ಪದವಿ ವಿದ್ಯಾರ್ಥಿನಿ, ವಿಜಯನಗರ, ಬೆಂಗಳೂರು

ಉತ್ತರ: ಹೆಸರು, ಇಸವಿ ಉರುಹೊಡೆದರೆ ಕಲಸಿಹೋಗುವುದೇ ಸರಿ. ಜನ ತಾವೇ ಒಪ್ಪಿ ಅಧಿಕಾರ ಒಪ್ಪಿಸಿದ್ದರಿಂದ ಆಳ್ವಿಕೆ ಹುಟ್ಟಿತು ಎಂಬ ವಾದವೇ ಸಾಮಾಜಿಕ ಒಪ್ಪಂದ. ಒಬ್ಬೊಬ್ಬರಿಗೂ ಎರಡು ಪ್ರಶ್ನೆ ಹಾಕಿ: ಜನ ಆಳುವವರ ಕೈಗೆ ಏನನ್ನು ಒಪ್ಪಿಸಿದರು? ಆಳುವವರು ಮಾತು ತಪ್ಪಿದರೆ ಅದು ವಾಪಸ್ ಸಿಗುತ್ತದೆಯೇ?

ಹಾಬ್ಸ್‌ನ ‘ಲೆವಿಯಾಥನ್’ ಗ್ರಂಥ ಬಂದದ್ದು 1651ರಲ್ಲಿ. ಇಂಗ್ಲೆಂಡಿನಲ್ಲಿ ಅಂತರ್ಯುದ್ಧ ನಡೆದು, ದೊರೆಯ ತಲೆ ಕಡಿದು ಎರಡು ವರ್ಷವಾಗಿತ್ತು. ಅರಾಜಕತೆಗಿಂತ ಎಂಥ ಆಳ್ವಿಕೆಯೂ ಮೇಲು ಎಂಬುದು ಆತನ ಲೆಕ್ಕ. ಹಾಗಾಗಿ ಪ್ರಾಣ ಉಳಿಸಿಕೊಳ್ಳುವ ಹಕ್ಕೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಒಪ್ಪಿಸಬೇಕು, ವಾಪಸ್ ಇಲ್ಲ. ಇಷ್ಟಕ್ಕೇ ಆತನನ್ನು ‘ರಾಜನೇ ದೈವ’ ಎನ್ನುವವರ ಸಾಲಿಗೆ ಸೇರಿಸಿದರೆ ಉತ್ತರ ಕೆಡುತ್ತದೆ. ಅಧಿಕಾರ ಹುಟ್ಟುವುದು ಜನರ ಒಪ್ಪಿಗೆಯಿಂದ ಎಂದು ತರ್ಕ ಕಟ್ಟಿದವನು ಆತ. ನನ್ನ ಮಟ್ಟಿಗೆ ದೊಡ್ಡ ತಿರುವು ಅದೇ.

ಲಾಕ್ (ಕೃತಿ ಬಂದದ್ದು 1689) ಪ್ರಕಾರ ಜೀವ, ಸ್ವಾತಂತ್ರ್ಯ, ಆಸ್ತಿಯ ಹಕ್ಕುಗಳು ಸರ್ಕಾರಕ್ಕಿಂತ ಹಳೆಯವು. ಸರ್ಕಾರದ ಬಳಿ ಇರುವುದು ನಂಬಿ ಕೊಟ್ಟ ಅಧಿಕಾರ. ನಂಬಿಕೆ ಮುರಿದರೆ ಅದು ಜನರಿಗೆ ಮರಳುತ್ತದೆ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆ ನಿಂತಿರುವುದು ಈ ವಾದದ ಮೇಲೆ. ಅಲ್ಲಿ ಆಸ್ತಿಯ ಜಾಗಕ್ಕೆ ‘ಸುಖದ ಅನ್ವೇಷಣೆ’ ಬಂತು. ನಮ್ಮಲ್ಲೂ 1978ರ ಸಂವಿಧಾನದ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆಯಿತು. ಈಗ ಅದು ಬರೀ ಕಾನೂನಿನ ಹಕ್ಕಾಗಿ 300ಎ ವಿಧಿಯಲ್ಲಿದೆ.

ರೂಸೋ (ಕೃತಿ ಬಂದದ್ದು 1762) ಹೇಳುವಂತೆ ಜನ ತಮ್ಮನ್ನು ಒಪ್ಪಿಸಿಕೊಳ್ಳುವುದು ಇಡೀ ಸಮುದಾಯಕ್ಕೆ. ಸಾರ್ವಭೌಮತ್ವ ಅವರ ಕೈಬಿಟ್ಟು ಹೋಗುವುದೇ ಇಲ್ಲ. ಸರ್ಕಾರ ಬರೀ ಕೆಲಸದಾಳು. ಆತನ ‘ಸಾಮಾನ್ಯ ಇಚ್ಛೆ’ಯನ್ನು ಬಹುಮತ ಎಂದು ಬರೆಯಬೇಡಿ, ಅಂಕ ಹೋಗುವುದು ಅಲ್ಲೇ. ಎಲ್ಲರ ಸ್ವಾರ್ಥ ಕೂಡಿಸಿದ ಮೊತ್ತವೇ ಬೇರೆ, ಎಲ್ಲರಿಗೂ ಸೇರಿದ ಹಿತ ಬಯಸುವ ಸಾಮಾನ್ಯ ಇಚ್ಛೆಯೇ ಬೇರೆ ಎಂದು ಆತನೇ ಬಿಡಿಸಿ ಹೇಳಿದ್ದಾನೆ.

ಪ್ರಶ್ನೆ: ವಿಧಾನಸೌಧದ ಎದುರಿಗೇ ಹೈಕೋರ್ಟ್ ಇದೆ. ಫ್ರೆಂಚ್ ಚಿಂತಕ ಮಾಂಟೆಸ್ಕ್ಯೂ ಹೇಳಿದ ಅಧಿಕಾರ ವಿಭಜನೆ ಇದೇನಾ?
– ಓದುಗರು, ಮಲ್ಲೇಶ್ವರ

ಉತ್ತರ: ಅರ್ಧ ಮಾತ್ರ. ಆತ 1748ರಲ್ಲಿ ಶಾಸನ ಮಾಡುವುದು, ಅದನ್ನು ಜಾರಿಗೆ ತರುವುದು, ನ್ಯಾಯ ಹೇಳುವುದು ಈ ಮೂರೂ ಒಂದೇ ಕೈಯಲ್ಲಿದ್ದರೆ ಸ್ವಾತಂತ್ರ್ಯ ಉಳಿಯದು ಎಂದ. ನಮ್ಮಲ್ಲಿ ಮೊದಲೆರಡು ಪೂರ್ತಿ ಬೇರೆಯಾಗಿಲ್ಲ: ಮಂತ್ರಿಯಾದವರು ಆರು ತಿಂಗಳೊಳಗೆ ಶಾಸಕಾಂಗದ ಸದಸ್ಯರಾಗಲೇಬೇಕು. ಗೆರೆ ಗಟ್ಟಿಯಾಗಿರುವುದು ನ್ಯಾಯಾಂಗದ ಕಡೆ. ವಿಧಾನಸೌಧದಲ್ಲಿ ಪಾಸಾದ ಕಾನೂನು ಮೂಲಭೂತ ಹಕ್ಕನ್ನು ಮೊಟಕುಗೊಳಿಸಿದರೆ, 226ನೇ ವಿಧಿಯಡಿ ರಿಟ್ ಅರ್ಜಿ (ಹಕ್ಕು ಕಾಪಾಡುವಂತೆ ಹೈಕೋರ್ಟನ್ನು ಕೇಳುವ ಅರ್ಜಿ) ಹಿಡಿದು ಎದುರಿನ ಕೆಂಪು ಕಟ್ಟಡಕ್ಕೆ ಹೋಗಬಹುದು; 13ನೇ ವಿಧಿಯ ಪ್ರಕಾರ ಅಂಥ ಕಾನೂನು ಅಷ್ಟರ ಮಟ್ಟಿಗೆ ಅಸಿಂಧು.